ಕೇಳದೆ ಹಾಕಿದ ಸಕ್ಕರೆ

ಅಕೀಲ್ ಆ ಹೆಂಗಸನ್ನು ಮಾತ್ರ ಸಕ್ಕರೆ ಎಷ್ಟೆಂದು ಕೇಳಲಿಲ್ಲ. ತೈಪಿಂಗ್ ಊರಿನ ಶಿಶುವಿಹಾರದಲ್ಲಿ ಅಂದು ಮಕ್ಕಳೇ ತಾಯಂದಿರಿಗೆ ಚಹಾ ಕೊಡುತ್ತಿದ್ದರು. ಕೆಟಲ್ ಹಿಡಿದ ಪುಟ್ಟ ಕೈಗಳಿಗೆ ಸುರಾಯಾ ಟೀಚರ್ ಆಸರೆಯಾಗಿದ್ದಳು. ಅಕೀಲ್ ಉಳಿದವರನ್ನೆಲ್ಲ ಕೇಳಿದ್ದ, ಹೆತ್ತ ತಾಯಿ ನೊರ್ಮಾಲಾಳನ್ನೂ "ಎಷ್ಟು ಚಮಚ ಅಮ್ಮಾ?" ಎಂದಿದ್ದ. ಹೊಸದಾಗಿ ಸೇರಿದ ಹುಡುಗಿಯ ತಾಯಿ ರೊಸ್ನೀತಾಳ ಕಪ್ಪಿಗೆ ಮಾತ್ರ ತಾನಾಗಿಯೇ ಮೂರು ಚಮಚ ಸುರಿದು ಕಲಕಿದ. ಸಾಸರಿಗೆ ಸ್ವಲ್ಪ ಬಗ್ಗಿಸಿ ಆರಲೂ ಬಿಟ್ಟ.

"ಕೇಳ್ದೆ ಹಾಕ್ಬಾರ್ದು ಅಂತ ಹೇಳಿರ್ಲಿಲ್ವೇನೋ?" ಟೀಚರ್ ನಕ್ಕಳು.

"ನಂಗೊತ್ತು ಟೀಚರ್. ಈ ಆಂಟಿಗೆ ಮೂರು, ಅಪ್ಪಂಗೆ ಎರಡು."

ನೊರ್ಮಾಲಾ ಆ ಹೆಂಗಸನ್ನು ನೋಡಿದ್ದು ಅದೇ ಮೊದಲು. ಮನೆಯಲ್ಲಿ ನೊರ್ಮಾಲಾಳ ಗಂಡ ಸಕ್ಕರೆ ಮುಟ್ಟುತ್ತಿರಲಿಲ್ಲ. ಈಜು ಕಲಿಸುತ್ತೇನೆಂದು ಶನಿವಾರ ಶನಿವಾರ ಮಗನನ್ನು ಕರೆದೊಯ್ಯುತ್ತಿದ್ದ. ಹುಡುಗನ ಟವೆಲು ಒದ್ದೆಯಾಗದೆಯೇ ವಾಪಸಾಗುತ್ತಿತ್ತು. ಪ್ರತಿ ಸಲವೂ ಅವಳು ಅದನ್ನು ಮುಟ್ಟಿ ನೋಡಿ, ಏನೂ ಕೇಳದೆ ಮಡಚಿಡುತ್ತಿದ್ದಳು.

ರೊಸ್ನೀತಾ ತಲೆ ತಗ್ಗಿಸಿದಳು, ಕಪ್ಪು ಎತ್ತಲಿಲ್ಲ. ತಾನೇನೋ ತಪ್ಪು ಮಾಡಿದೆನೆಂದುಕೊಂಡು ಅಕೀಲ್ ಇಬ್ಬರ ಮುಖವನ್ನೂ ನೋಡಿದ. ಅವನ ತುಟಿ ಅದುರತೊಡಗಿತು. ನೊರ್ಮಾಲಾ ಅವನನ್ನು ಹತ್ತಿರಕ್ಕೆಳೆದುಕೊಂಡು ಬೆನ್ನು ಸವರಿದಳು. ಆಮೇಲೆ ಆ ಕಪ್ಪನ್ನು ಮೆಲ್ಲಗೆ ರೊಸ್ನೀತಾಳ ಮುಂದಕ್ಕೆ ಸರಿಸಿದಳು.

"ಕುಡೀರಿ, ಆರ್ಹೋಗುತ್ತೆ. ನನ್ನ ಮಗ ಅಳತೆ ತಪ್ಪಲ್ಲ."