ಬಯಕೆಯ ಒಬ್ಬಟ್ಟು

ಸತತ ನಾಲ್ಕನೇ ದಿನವೂ ಸೊಸೆ ಬಚ್ಚಲಿನಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿ ಪುಟ್ಟಗೌರಮ್ಮನ ಮುಖ ಅರಳಿತು. ಮದುವೆಯಾಗಿ ಆರು ವರ್ಷ. "ಹೊಟ್ಟೆ ತುಂಬಾ ಕೊಬ್ಬು ಇಟ್ಕೊಂಡ್ರೆ ಮಗು ಎಲ್ಲಿ ನಿಲ್ಲತ್ತೆ? ಮೊದ್ಲು ಮೈ ಇಳ್ಸು" ಎಂದು ನೆಂಟರ ಮುಂದೆಯೇ ಎಷ್ಟು ಸಲ ಅಂದಿದ್ದರೋ! ಈಗ ಅದೆಲ್ಲ ನೆನಪಾಗಿ ಅವರಿಗೇ ನಾಚಿಕೆಯಾಯಿತು.

"ಏನು ತಿನ್ಬೇಕು ಅನ್ಸತ್ತೆ, ಹೇಳು ಕಂದಾ."

"ಏನೂ ಬೇಡ ಅತ್ತೆ."

"ನೀನು ಬಾಯಿ ಬಿಡ್ದಿದ್ರೂ ನಂಗೆಲ್ಲಾ ಗೊತ್ತು ಕಣೇ!"

ಅಂದೇ ಕಾಯಿ ಒಬ್ಬಟ್ಟು ಮಾಡಿ, ಮೇಲೆ ತುಪ್ಪ ಸುರಿದು, ಪಕ್ಕದಲ್ಲೇ ಕೂತು ಕೈಯಾರೆ ತಿನ್ನಿಸಿದರು. ಸೊಸೆ ಒಂದಾದ ಮೇಲೊಂದು ನಾಲ್ಕು ತಿಂದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸಂತೋಷಕ್ಕಿರಬೇಕು ಎಂದುಕೊಂಡರು ಪುಟ್ಟಗೌರಮ್ಮ.

ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು. ಪಾಪ, ಹಣೆಯಾದರೂ ಹಿಡಿದುಕೊಳ್ಳೋಣ ಎಂದು ಹೋಗಿ ಬಾಗಿಲು ತಳ್ಳಿದರು. ಸೊಸೆ ನೆಲಕ್ಕೆ ಮಂಡಿಯೂರಿ, ಗಂಟಲಿಗೆ ಬೆರಳು ತುರುಕಿಕೊಂಡಿದ್ದಳು.

"ಏನೇ ಇದು?"

ಅವಳು ಬೆರಳು ತೆಗೆದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮೈ ಇಳಿಸ್ತಿದೀನಿ ಅತ್ತೆ."