ಕೇಸಿಗೆ ಹಾಕಿದ ರೊಕ್ಕ

ಲಾರಿ ಹಾಯ್ದು ಸೊಂಟ ಮುರಿದುಕೊಂಡ ಅಪ್ಪ ಹಾಸಿಗೆ ಹಿಡಿದಿದ್ದ. ಲಾರಿ ಕಂಪನಿಯ ಮೇಲೆ ಪರಿಹಾರದ ಕೇಸು ನಡೆಸಲು ಮನೆಯಲ್ಲಿ ದುಡ್ಡಿರಲಿಲ್ಲ. ಅದಕ್ಕೇ ವಕೀಲರು, ಕೇಸಿಗೆ ದುಡ್ಡು ಹಾಕುವ ಸಾಹುಕಾರನೊಬ್ಬನನ್ನು ಮನೆಗೇ ಕರೆತಂದರು. ಗೆದ್ದರೆ ಅವನಿಗೆ ಅರ್ಧ ಪಾಲು, ಸೋತರೆ ಹಾಕಿದ್ದೆಲ್ಲ ಅವನದೇ ನಷ್ಟ.

ಸಾಹುಕಾರ ಹಳೇ ಗಾಡಿ ಕೊಳ್ಳುವವನ ಹಾಗೆ ಅಪ್ಪನ ಕಾಲುಗಳನ್ನು ಒತ್ತಿ ನೋಡಿದ.

“ಎದ್ದು ನಿಲ್ಲಾಕ ಬರತೈತೇನ್ರೀ ಯಜಮಾನ್ರ?”

“ಇಲ್ರೀ.”

“ಚಲೋ ಆತು.”

ಮಗ ಪರಸಪ್ಪನಿಗೆ ಮೈಯೆಲ್ಲ ಉರಿಯಿತು. “ಏನ್ ಚಲೋ ಆತಲೇ?”

“ಸಿಟ್ಟಾಗಬ್ಯಾಡ ತಮ್ಮಾ. ನಾಳೆ ನಿಮ್ಮಪ್ಪ ಅಡ್ಡಾಡಿದ್ರ ಪರಿಹಾರ ಕಡಿಮಿ ಆಗತೈತಿ. ನಾ ಹಾಕಿದ ರೊಕ್ಕ ಯಾರು ಕೊಡ್ತಾರ?”

ಪರಸಪ್ಪ ಅವನ ಕಾಲರ್ ಹಿಡಿದ. “ನಮ್ಮಪ್ಪ ನಡೀಬಾರ್ದಂತ ಬೇಡ್ಕೊಳ್ಳಾಕ ಬಂದೀಯೇನಲೇ? ನೀ ಮನಷ್ಯಾ ಏನ?”

ವಕೀಲರು ಬಿಡಿಸಿದರು. ಅಪ್ಪ ಮಲಗಿದಲ್ಲಿಂದಲೇ ಸಾಹುಕಾರನಿಗೆ ಕೈಮುಗಿದು, ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ.

ಕೇಸು ಸಾಗಿತು. ಕೋರ್ಟು ಹೇಳಿದ ಡಾಕ್ಟರು ಅಪ್ಪನನ್ನು ತಪಾಸಣೆ ಮಾಡಲು ಇನ್ನೊಂದು ವಾರವಿತ್ತು. ಪರಸಪ್ಪ ಕೆಲಸ ಮುಗಿಸಿ ಬಂದರೆ ಹಾಸಿಗೆ ಖಾಲಿ. ಅಪ್ಪ ಗೋಡೆ ಹಿಡಿದು, ಕಾಲೆಳೆಯುತ್ತ, ಹಿತ್ತಲ ಕಡೆಯಿಂದ ಬರುತ್ತಿದ್ದ. ಬೆವರಿದ ಮುಖದ ತುಂಬ ನಗು.

“ನೋಡೋ ಪರಸ್ಯಾ, ನಡದೆ! ಯಾರೂ ಹಿಡ್ಕೊಂಡಿಲ್ಲ!”

ಪರಸಪ್ಪ ಓಡಿಹೋಗಿ ಮೊದಲು ಬೀದಿಬಾಗಿಲು ಹಾಕಿದ.

“ಕುಂಡ್ರಪ್ಪಾ,” ಎಂದ, ಅಪ್ಪನ ಮುಖ ನೋಡದೆ. “ಯಾರರೆ ನೋಡ್ಯಾರು.”