ಕಲ್ಲು ಹಿಡಿದಲ್ಲೇ ಗಿಲಕಿ

ಒಗ್ಗಟ್ಟು ಎಂದು ಯಾರಾದರೂ ಮೈಕಿನಲ್ಲಿ ಕೂಗಿದರೆ ಇವತ್ತಿಗೂ ಎದ್ದು ಪ್ರಶ್ನೆ ಕೇಳುವವಳು ನಾನು. ಬಿಸಿ ಅರಗಿನ ವಾಸನೆ ಬಂದರೆ ಮಾತ್ರ ಸುಮ್ಮನಾಗುತ್ತೇನೆ.

ಸುನಾಮಿ ಬಂದ ಮರುವಾರ; ನನಗಾಗ ಎಂಟು ವರ್ಷ. ಚನ್ನಪಟ್ಟಣದ ನಮ್ಮ ಬೀದಿಯ ಬೊಂಬೆ ಕೆಲಸದವರೆಲ್ಲ ತಮಿಳುನಾಡು ಕರಾವಳಿಯ ನಾಗಪಟ್ಟಿಣಂನ ಮಕ್ಕಳಿಗೆಂದು ಬುಗುರಿ, ಗಿಲಕಿ ಕಡೆದಿದ್ದರು. ಜೊತೆಗೆ ರಾಗಿ ಹಿಟ್ಟು, ಕಂಬಳಿ. ಬೊಂಬೆಗಳಿಗೆ ಬಳಿದ ಬಣ್ಣದ ಅರಗು ಮೂಟೆಗಳಿಂದ ಇನ್ನೂ ಘಮ್ಮೆನ್ನುತ್ತಿತ್ತು. ಸಾಗಿಸಲು ಗಾಡಿ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಹೆದ್ದಾರಿಯಲ್ಲಿ ತಮಿಳುನಾಡಿನ ಖಾಲಿ ಲಾರಿಯೊಂದು ಬಂತು. ದೊಡ್ಡಪ್ಪ ಓಡಿಹೋಗಿ ಅಡ್ಡ ನಿಂತರು. ಹಿಂದೆಯೇ ಇಡೀ ಬೀದಿ!

ಎರಡು ವರ್ಷದ ಹಿಂದೆ ಕಾವೇರಿ ನೀರಿನ ಗಲಾಟೆಯಲ್ಲಿ ಅದೇ ಜಾಗದಲ್ಲಿ, ಅಂಥದ್ದೇ ಲಾರಿಯೆದುರು ಕಲ್ಲು ಹಿಡಿದು ನಿಂತಿದ್ದವರೂ ದೊಡ್ಡಪ್ಪನೇ. ಈಗ ಈ ಲಾರಿಯ ಡ್ರೈವರ್ ಗಾಜು ಏರಿಸಿಕೊಂಡು ಒಳಗಿನಿಂದಲೇ ಕೈಮುಗಿಯುತ್ತಿದ್ದ.

"ಇಳಿಯಣ್ಣ, ಒಸಿ ಸಾಮಾನೈತೆ!" ಎಂದರು ದೊಡ್ಡಪ್ಪ.

"ನಿನ್ ಮೀಸೆ ನೋಡೇ ಹೆದ್ರವ್ನೆ ಕಣ್ಲಾ, ಎಲ್ಲಿಳಿದಾನು?" ಎಂದ ಪಕ್ಕದ ಮನೆಯ ರಹೀಮಣ್ಣ.

ನಾನು ಬಿಡಲಿಲ್ಲ. "ದೊಡ್ಡಪ್ಪ, ಅವ್ರಿಗೆ ನೀರೇ ಕೊಡ್ಬಾರ್ದು ಅಂದಿದ್ರಲ್ಲ?"

"ಈಗ್ಲೂ ಅಂತೀನಿ ಕಣವ್ವ. ಜಗಳ ಆಡಕ್ಕಾದ್ರೂ ಅವ್ರು ಬದುಕಿರ್ಬೇಕಲ್ವಾ?"

ನಾನು ಮತ್ತೊಂದು ಪ್ರಶ್ನೆ ತೆಗೆಯುವ ಮೊದಲೇ ಅವರು ನನ್ನನ್ನು ಹೆಗಲಿಗೇರಿಸಿ ಲಾರಿಯ ಕಿಟಕಿಗೆ ಹಿಡಿದರು. ನಾನು ಕೈಲಿದ್ದ ಗಿಲಕಿಯನ್ನು ಜೋರಾಗಿ ಆಡಿಸಿದೆ. ಗಾಜು ಒಂದಿಷ್ಟೇ ಇಳಿಯಿತು.

"ಯಾರ್ಗೆ ಸಾರ್ ಇದು?"

"ನಿಮ್ ಮಕ್ಳಿಗೆ ಕಣಣ್ಣ! ನಾಗಪಟ್ಟಿಣಂಗೆ!" ಬೀದಿಗೆ ಬೀದಿಯೇ ಕೂಗಿತು.

ಡ್ರೈವರ್ ಬಾಗಿಲು ತೆಗೆದು ಕೆಳಕ್ಕೆ ಹಾರಿದ. ಮೊದಲ ಮೂಟೆ ಎತ್ತಲು ದೊಡ್ಡಪ್ಪ ಬಗ್ಗುವಷ್ಟರಲ್ಲಿ, ಅದರ ಇನ್ನೊಂದು ತುದಿ ಆಗಲೇ ಅವನ ಕೈಯಲ್ಲಿತ್ತು.